ಅಕ್ಕನ ತ್ರಿಕೋನ

ಮೊನ್ನೆ ಮಗಳ ಶಾಲೆಯ ಕೆಲಸಕ್ಕೆಂದು ಗೋಕಾಕದ ಪೇಟೆಗೆ ದಿಕ್ಸೂಚಿ ಕೊಳ್ಳಲು ಹೋಗಿದ್ದೆ. ಅಂಗಡಿಯವ ಮೂರನ್ನು ಗಾಜಿನ ಮೇಲೆ ಒತ್ತೊತ್ತಾಗಿ ಇಟ್ಟ. ಮೂರರ ಮುಳ್ಳೂ ಉತ್ತರ ದಿಕ್ಕನ್ನು ಮರೆತು ಒಂದನ್ನೊಂದು ನೋಡಿ ತಡಬಡಿಸಿದವು. ನನಗೆ ಅಲ್ಲೇ ಸಿಟ್ಟು ಬಂತು. ಪಾಪ, ಅಂಗಡಿಯವ ಹೆದರಿ ಕೇಳದೆಯೇ ಬೆಲೆ ಇಳಿಸಿದ. ಅವನಿಗೇನು ಗೊತ್ತು, ಅದು ಮೂಡಲಗಿಯ ಮಾಮಾನ ಮೇಲೆ ನಾನು ವರ್ಷಗಟ್ಟಲೆ ಸಾಕಿಕೊಂಡು ಬಂದ ಸಿಟ್ಟು.

ತೊಂಬತ್ತರ ದಶಕದ ಕೊನೆಗೆ ಅಕ್ಕ ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದಿದ್ದಳು. ಕೆಲವು ವಸ್ತುಗಳಲ್ಲಿ ಪರಮಾಣುಗಳು ಪುಟ್ಟ ಅಯಸ್ಕಾಂತಗಳಾಗಿ ತ್ರಿಕೋನದಲ್ಲಿ ಕೂತಿರುತ್ತವಂತೆ. ಪಕ್ಕದವನಿಗೆ ವಿರುದ್ಧವಾಗಿಯೇ ಮುಖ ಮಾಡಬೇಕೆಂಬುದು ಅವುಗಳ ಹಟ. ಒಂದು ಮೇಲೆ, ಇನ್ನೊಂದು ಕೆಳಗೆ. ಮೂರನೆಯದು ಎತ್ತ ತಿರುಗಿದರೂ ಒಬ್ಬರೊಡನೆ ತಪ್ಪುತ್ತದೆ. ಎಷ್ಟು ತಣ್ಣಗೆ ಮಾಡಿದರೂ ಇಡೀ ಹರಳು ಶಿಸ್ತಿಗೆ ಬಾರದೆ ಹೊರಳಾಡುತ್ತಲೇ ಇರುತ್ತದಂತೆ. ಇದನ್ನು ಅವಳು ತಾಟಿನಲ್ಲಿ ಮೂರು ಮೆಣಸಿನಕಾಯಿ ಇಟ್ಟು ಕಲಿಸಿದಾಗ ನನ್ನ ತಲೆಗೆ ಹತ್ತಿದ್ದು ಖಾರ ಮಾತ್ರ. ಇದರ ಮೇಲೆಯೇ ಸಂಶೋಧನೆ ಮಾಡಲು ಪುಣೆಯಲ್ಲಿ ಅವಳಿಗೆ ಸೀಟು ಸಿಕ್ಕಿತ್ತು.

“ಮೊದಲ ಲಗ್ನ ಗೊತ್ತಾಗ್ಲಿ, ಆಮ್ಯಾಲ ಹೋಗಾಕೇನ ಅಡ್ಡಿ?” ಅಂದರು ಅಪ್ಪ.

ಗೊತ್ತಾಗುವುದೆಲ್ಲಿ! ನಮ್ಮಲ್ಲಿ ಹೆಣ್ಣಿನ ಮೇಲೆ ಮೊದಲ ಹಕ್ಕು ಸೋದರ ಸಂಬಂಧದವರದು. ಮೂಡಲಗಿಯ ಮಾಮಾ ಅವ್ವನ ತಮ್ಮ, ಅವರಿಗೊಬ್ಬ ಮಗ. ಹುಕ್ಕೇರಿಯ ಅತ್ತಿ ಅಪ್ಪನ ತಂಗಿ. ಅವಳಿಗೂ ಒಬ್ಬ ಮಗ. ಇವರಿಗೆ ಕೊಟ್ಟರೆ ಅವರು ನಮ್ಮ ಹೊಸ್ತಿಲು ತುಳಿಯುವುದಿಲ್ಲ, ಅವರಿಗೆ ಕೊಟ್ಟರೆ ಇವರು. ಹೊರಗೆ ಕೊಟ್ಟರೆ ಇಬ್ಬರೂ. ನೀವಾದರೂ ಏನು ಮಾಡುತ್ತಿದ್ದಿರಿ? ಅಪ್ಪ ಎರಡೂ ಕಡೆಗೆ “ನೋಡೂಣು” ಅಂದರು. ಪ್ರತಿ ಹಬ್ಬಕ್ಕೂ ಮಾತು ಹೊರಗೆ ಬಂದು, ಹೋಳಿಗೆ ಮುಗಿಯುವಷ್ಟರಲ್ಲಿ ಒಳಗೆ ಹೋಗುತ್ತಿತ್ತು.

ಪುಣೆಯವರು ಕಾದು ಕಾದು ಬೇರೆಯವರನ್ನು ತೆಗೆದುಕೊಂಡರು.

“ಆ ತ್ರಿಕೋನ ನಮ್ಮ ಮನ್ಯಾಗ ಐತಲ್ಲ, ನೋಡಾಕ ಪುಣೆ ಯಾಕ ಬೇಕು?” ಅಂದಳು ಅಕ್ಕ. ತಮಾಷೆಯೆಂದು ಅಪ್ಪ ನಕ್ಕರು.

ಮುಂದೆ ಆ ಇಬ್ಬರು ಹುಡುಗರೂ ಹೊರಗಿನ ಹುಡುಗಿಯರನ್ನೇ ಲಗ್ನವಾದರು. ಅಪ್ಪ, ಅವ್ವ ತೀರಿಕೊಂಡರು. ಅಕ್ಕ ಇಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ ನಮ್ಮ ಜೊತೆಗಿದ್ದಾಳೆ.

ದಿಕ್ಸೂಚಿ ಹಿಡಿದು ಮನೆಗೆ ಬಂದರೆ ಮಾಮಾ ಚಹಾ ಕುಡಿಯುತ್ತ ಕೂತಿದ್ದರು. ಮಾತಿಗೆ ಮಾತು ಬಂದು ಹಳೆಯದನ್ನು ತೆಗೆದರು. “ಖರೆ ಹೇಳ್ಲ್ಯಾ? ನನ್ನ ಮಗಗ ಆಕಿ ಮನಸಿಗೇ ಬಂದಿರಲಿಲ್ಲ. ಹುಕ್ಕೇರಿಯವರ ಮನಿಗಿ ಸೊಸಿಯಾಗಿ ಹೋಗಬಾರದು ಅಂತಿತ್ತು, ಅಷ್ಟ.”

ಅಡುಗೆಮನೆಯಿಂದ ಅಕ್ಕ ಹೊರಗೆ ಬಂದಳು. “ಇದನ್ನ ಆವಾಗ ಹೇಳಿದ್ರ ನಾ ಪುಣೇಕ ಹೋಗತಿದ್ನಲ್ರಿ ಮಾಮಾ.”

“ಆವಾಗ ನನ್ನ ಯಾರ ಕೇಳಿದ್ರವಾ?”

“ನನ್ನೂ ಯಾರೂ ಕೇಳಲಿಲ್ರಿ.”

ಮಾಮಾ ಕಪ್ಪಿನ ಚಹಾ ಬಸಿಗೆ ಸುರುವಿಕೊಂಡರು. ಅವರ ಮೇಲೆ ಸಿಟ್ಟಾಗಲು ಹೋದೆ, ಆಗಲಿಲ್ಲ. ಜೀವಮಾನವಿಡೀ ಯಾರ ಮನಸ್ಸನ್ನೂ ನೋಯಿಸದೆ ಹೋದ ನಮ್ಮ ಒಳ್ಳೆಯ ಅಪ್ಪನ ಮೇಲೆ, ಮೊದಲ ಸಲ, ತಡೆಯಲಾರದ ಸಿಟ್ಟು ಬಂತು.