ಸೆರಗಿನ ಮೇಲಿನ ಬ್ಯಾಟರಿ

ಕೊಡಂಬಲದ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಪ್ರತಿ ವರ್ಷ ಕುರಿ ಕೂಡಿಸುತ್ತಿದ್ದೆವು. ಹಿಂಡಿನ ಜೊತೆ ಬರುವವರು ಮೂವರೇ: ಮುದುಕ ಮಡೆಪ್ಪ, ಅವನ ಮಗ ತುಳಜಾರಾಮ, ಸೊಸೆ ಕೇಶರಬಾಯಿ. ಬದುವಿನ ಮೇಲೆ ಕಂಬಳಿ ಕಟ್ಟಿ ಹತ್ತು ಹನ್ನೆರಡು ದಿನ ಇದ್ದು, ಮುಂದಿನ ಹೊಲಕ್ಕೆ ಹೋಗುತ್ತಿದ್ದರು. ಕೇಶರಬಾಯಿ ನೀರಿಗೆ ಬಂದಾಗ ಬಾವಿಕಟ್ಟೆಯ ಮೇಲೆ ಕೂತು ಈ ಕಥೆ ನನಗೆ ಹೇಳಿದಳು.

ಮದುವೆಯಾಗಿ ಆರು ವರ್ಷವಾದರೂ ಅವಳು ಮಾವನೆದುರು ಮುಖ ಎತ್ತಿರಲಿಲ್ಲ, ಮಾತಾಡಿರಲಿಲ್ಲ. ಅವರ ಮನೆತನದ ರೀತಿ ಅದು. ಗಂಡ ಇಲ್ಲದಾಗ ನಾಯಿಗೆ ಹೇಳುತ್ತಿದ್ದಳು: “ರೊಟ್ಟಿ ಆಗ್ಯಾವ, ಉಣ್ಲಾಕ ಬರ್ರಿ ಅಂತ ಹೇಳು.”

ಮಡೆಪ್ಪನೂ ನಾಯಿಗೇ ಉತ್ತರ ಕೊಡುತ್ತಿದ್ದ. “ಬಂದೆ ಅಂತ ಹೇಳಪಾ.”

ಎಪ್ಪತ್ನಾಲ್ಕರ ಮಳೆಗಾಲ. ಅಪ್ಪನ ಕಣ್ಣು ಮಸಕಾಗಿವೆ, ಇನ್ನು ಅವನನ್ನು ಊರಲ್ಲೇ ಬಿಡಬೇಕು ಎಂದು ತುಳಜಾರಾಮ ಹಟ ಹಿಡಿದಿದ್ದ. “ಕುರಿ ಬಿಟ್ಟು ಗ್ವಾಡಿ ಕಾಯಲೇನು? ನನಗ ಎಲ್ಲಾ ಕಾಣ್ತದ,” ಎನ್ನುತ್ತಿದ್ದ ಮಡೆಪ್ಪ.

ಅದೇ ವರ್ಷ ತುಳಜಾರಾಮ ಹುಮನಾಬಾದಿನಲ್ಲಿ ಸೈಕಲ್ ರಿಪೇರಿ ಮಾಡುವ ವಜೀರನಿಂದ ತಲೆಗೆ ಕಟ್ಟುವ ಬ್ಯಾಟರಿ ಮಾಡಿಸಿದ. ವಜೀರ ಎರಡು ಸೆಲ್ಲಿನ ಬ್ಯಾಟರಿಗೆ ಹಳೆಯ ಟ್ಯೂಬು ತೊಡಿಸಿ, ಟ್ಯೂಬಿನದೇ ಪಟ್ಟಿ ಹಾಕಿ, ಪಂಕ್ಚರ್ ನೋಡುವ ನೀರಿನಲ್ಲಿ ಉರಿಯುತ್ತಿದ್ದಂತೆಯೇ ಮುಳುಗಿಸಿದನಂತೆ.

“ನೋಡು, ಒಂದ್ ಗುಳ್ಳಿ ಬಂದದೇನು? ಬಾವ್ಯಾಗ ಬಿದ್ರೂ ಕೆಡಂಗಿಲ್ಲ. ನೀ ಬಿದ್ರ ಮಾತ್ರ ನನಗ ಕೇಳಬ್ಯಾಡ.”

ತುಳಜಾರಾಮ ಚಿಟಗುಪ್ಪದ ಸಂತೆಗೆ ಹೋಗಿದ್ದ ದಿನ ಸಂಜೆಯೇ ಕತ್ತಲು ಕವಿದು ಮಳೆ ಹೊಡೆಯಿತು. ಕಂದೀಲು ಆರಿತು. ಒಂದು ಕುರಿ ಈಯಲಾಗದೆ ಒದ್ದಾಡುತ್ತಿತ್ತು. ಮಡೆಪ್ಪ ತಡವಿಕೊಂಡು ಬಂದು ಅದರ ಕುತ್ತಿಗೆ ಹಿಡಿದು ಕೂತ. ಕೇಶರಬಾಯಿ ಸೆರಗಿನ ಮೇಲೆಯೇ ಬ್ಯಾಟರಿ ಬಿಗಿದುಕೊಂಡಳು. ತಗ್ಗಿಸಿದ ತಲೆ, ಬೆಳಕು ಬೇಕಾದಲ್ಲಿಯೇ ಬಿತ್ತು. ಕೈ ಎರಡೂ ಖಾಲಿ.

“ಒಂದೇ ಕಾಲ ಬಂದದ ಅಂತ ಹೇಳು,” ಎಂದಳು. ನಾಯಿ ಕಂಬಳಿಯ ಕೆಳಗೆ ಮಲಗಿತ್ತು.

“ನಾಯಿ ಕೈ ಹಾಕ್ತದೇನವ್ವಾ? ನನಗ ಹೇಳು. ತಲಿ ಬಂದದೇನು?”

ಕೇಶರಬಾಯಿ ಬೆರಳಾಡಿಸಿ ನೋಡಿದಳು.

“ಬಂದದ.”

“ನಾಲಗಿ?”

“ನೀಲಿ ಆಗ್ಯದ.”

“ತಲಿ ಒಳಗ ನೂಕು. ಭುಜದ ಹಿಂದ ಬಟ್ಟು ಹಾಕಿದ್ರ ಮಡಚಿದ ಕಾಲ ಸಿಗ್ತದ. ಗೊರಸಿಗಿ ಅಂಗೈ ಅಡ್ಡ ಹಿಡದು ಮುಂದ ತಾ. ಕುರಿ ತಿಣುಕಿದಾಗ ಅಷ್ಟೇ ಎಳಿ.”

ಅವನು ಹೇಳಿದಂತೆ ಮಾಡಿದಳು. ಮರಿ ಜಾರಿ ಬಂತು, ಅಲುಗಲಿಲ್ಲ.

“ಮಾವಾ, ಉಸಿರಿಲ್ಲ,” ಎಂದು ತಲೆ ಎತ್ತಿದಳು. ಬೆಳಕು ನೇರ ಅವನ ಕಣ್ಣಿಗೆ ಬಿತ್ತು. ಮಡೆಪ್ಪ ರೆಪ್ಪೆ ಬಡಿಯಲಿಲ್ಲ.

“ಯಾಕ ಸುಮ್ಮನಾದಿ? ಮೂಗಿನ್ಯಾಗ ಹುಲ್ಲಕಡ್ಡಿ ಆಡಸು.”

ಮರಿ ಸೀನಿತು, ಮತ್ತೆ ಸೀನಿ ಕಿವಿ ಒದರಿತು. ಮಡೆಪ್ಪ ಕುರಿಯ ಕುತ್ತಿಗೆ ಬಿಟ್ಟು ನಿಧಾನಕ್ಕೆ ಕೇಳಿದ, “ನಿನ್ನ ದನಿ ಇತ್ತ ತಿರಗ್ತು. ಬೆಳಕೂ ತಿರಗಿರಬೇಕು?”

“ಹೌದ್ರಿ.”

“ನಿನ್ನ ಗಂಡಗ ಹೇಳ್ತಿಯೇನು?”

ಅವಳು ಮರಿಯನ್ನು ತಾಯಿಯ ಮುಂದಿಟ್ಟಳು.

ಮರುದಿನ ತುಳಜಾರಾಮ ಮರಿ ನೋಡಿ, “ಅಪ್ಪಗ ಕಂಡ್ತೇನು?” ಎಂದ.

“ಬ್ಯಾಟರಿ ನನ್ನ ತಲಿಮ್ಯಾಲ ಇತ್ತು. ಅವ್ರಿಗ್ಯಾಕ ಕಾಣಬೇಕು? ಅವ್ರು ಹೇಳಿದ್ರು, ನಾ ಮಾಡ್ದೆ. ಅವ್ರಿಲ್ಲಂದ್ರ ನಿಮ್ಮ ಕುರಿ ಇವತ್ತು ಇರ್ತಿದ್ದಿಲ್ಲ.”

ಅಪ್ಪನನ್ನು ಊರಲ್ಲಿ ಬಿಡುವ ಮಾತನ್ನು ಮಗ ಮತ್ತೆ ತೆಗೆಯಲಿಲ್ಲ. ಆಮೇಲೆ ಏಳು ವರ್ಷ ಮೂವರೂ ನಮ್ಮ ಹೊಲಕ್ಕೆ ಬಂದರು. ಹೊರಡುವ ದಿನ ನಾನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಕೇಶರಬಾಯಿ ಮುಂದೆ, ಮಾವ ಹಿಂದೆ, ಪಕ್ಕದಲ್ಲಿ ನಾಯಿ. ನಾಯಿಗೆ ಈಗ ಯಾರೂ ಏನೂ ಹೇಳುತ್ತಿರಲಿಲ್ಲ.

“ಮಾವಾ, ಮುಂದ ಒಡ್ಡು ಅದ.”

“ಕಾಣ್ತದ, ನಡಿ,” ಎಂದು ಮಡೆಪ್ಪ ಒಡ್ಡಿಗಿಂತ ಒಂದು ಹೆಜ್ಜೆ ಮೊದಲೇ ಕಾಲೆತ್ತುತ್ತಿದ್ದ.