ತಪ್ಪಿಲ್ಲದ ಉತ್ತರ

ದೇವರಿದ್ದಾನೆ ಎಂಬುದನ್ನು ಬೈಬಲಿನ ಒಂದು ಸಾಲನ್ನೂ ಮುಟ್ಟದೆ ಬರೀ ತರ್ಕದಿಂದ ಸಾಧಿಸುವುದು ನನಗೆ ಬರುತ್ತಿತ್ತು. ಮೈಸೂರಿನಲ್ಲಿ ಎರಡು ವರ್ಷ ಅದನ್ನೇ ಕಲಿತು, ಐವತ್ತರ ದಶಕದ ನಡುವಿನಲ್ಲಿ ಚಾಮರಾಜನಗರದ ಒಂದು ಪುಟ್ಟ ಚರ್ಚಿಗೆ ಉಪದೇಶಿಯಾಗಿ ಬಂದೆ. ಗುರುಗಳು ಭಾನುವಾರ ಮಾತ್ರ ಬಂದು ಪೂಜೆ ಅರ್ಪಿಸಿ ಹೋಗುತ್ತಿದ್ದರು. ಉಳಿದ ದಿನ ಜಪ ಹೇಳಿಸುವುದು, ಧರ್ಮಪಾಠ ಮಾಡುವುದು ನನ್ನ ಕೆಲಸ. ಆ ಕೆಲಸ ನನಗೆ ಸಪ್ಪೆ. ಕೂಲಿನಾಲಿ ಮಾಡಿ ದಣಿದು ಬಂದವರು ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು. ಎದುರಾಡುವವರೇ ಇಲ್ಲದ ಕಡೆ ಜಾಣನಾಗಿದ್ದು ಏನು ಸುಖ?

ಎದುರಾಡುವವರು ಗುಂಡ್ಲುಪೇಟೆಯಲ್ಲಿ ಸಿಕ್ಕರು. ಅರಿಶಿನದ ವ್ಯಾಪಾರಿ, ವಯಸ್ಸಾದ ಶಿವಭಕ್ತರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಪ್ರಶ್ನೆ. ತಿಂಗಳಿಗೊಮ್ಮೆ ಅವರ ಅಂಗಡಿಯ ಜಗಲಿಯಲ್ಲಿ ನಮ್ಮ ವಾದ ನಡೆಯುತ್ತಿತ್ತು. ನಿಂತು ಕೇಳುವ ಜನರೂ ಇರುತ್ತಿದ್ದರು. ಸುಳ್ಳೇಕೆ, ಆ ಜನರಿಗಾಗಿಯೇ ನಾನು ಹೋಗುತ್ತಿದ್ದೆ.

ನನ್ನ ಹೆಂಡತಿ ಮೊದಲನೆಯ ಮಗುವನ್ನು ಹೆತ್ತದ್ದು ಒಂದು ಬುಧವಾರ. ಗಂಡು. ಶುಕ್ರವಾರ ಬೆಳಿಗ್ಗೆ ನಾನು ಗುಂಡ್ಲುಪೇಟೆಗೆ ಹೊರಟಾಗ ಅವಳು ತಡೆದಳು.

"ಮಗ ಮೊಲೆ ಕಚ್ತಿಲ್ಲ, ಮೈ ಸುಡ್ತದೆ. ಇವತ್ತೊಂದಿನ ಓಗ್ಬೇಡಿ."

"ಎದ್ರುಕೋಬೇಡ ಕಣೆ. ಭಾನ್ವಾರ ಗುರುಗಳು ಬಂದು ತಲೆಗೆ ನೀರುಯ್ದು ಜ್ಞಾನಸ್ನಾನ ಕೊಡ್ತಾರೆ. ಎಲ್ಲಾ ಸರಿಯಾಯ್ತದೆ" ಎಂದು ಬಸ್ಸು ಹತ್ತಿದೆ.

ಅಂದು ವ್ಯಾಪಾರಿ ಹುರುಪಿನಲ್ಲಿದ್ದರು. "ಮಡ್ಕೆ ಇದ್ಮೇಲೆ ಕುಂಬಾರ ಇರ್ಲೇಬೇಕು ಅಂತೀಯ. ಸರಿ ಕಣಪ್ಪ, ಆ ಕುಂಬಾರನ್ನ ಮಾಡ್ದೋನು ಯಾರು?" ಎಂದರು. ಒಂದಕ್ಕೊಂದು ಕಾರಣ ಹುಡುಕುತ್ತಾ ಕೊನೆಯಿಲ್ಲದೆ ಹಿಂದಕ್ಕೆ ಹೋಗಲಾಗದು, ಯಾರೂ ಮಾಡದ ಒಬ್ಬ ಇರಲೇಬೇಕು ಎಂದು ಒಪ್ಪಿಸುವಷ್ಟರಲ್ಲಿ ಸಂಜೆಯಾಯಿತು. ಕೊನೆಯ ಬಸ್ಸು ಬಂದು ನಿಂತಿತು. ಆಗ ಅವರು ಕೇಳಿದರು: "ಅವನು ಒಳ್ಳೇನಾದ್ರೆ ಏನೂ ಅರೀದ ಎಳೇ ಕೂಸ್ಗಳು ಯಾಕ್ಲಾ ಸಾಯ್ತವೆ?"

ಅದಕ್ಕೆ ನನ್ನ ಹತ್ತಿರ ಬಲು ಒಳ್ಳೆಯ ಉತ್ತರವಿತ್ತು. ಬಸ್ಸು ಬಿಟ್ಟುಬಿಟ್ಟೆ.

ಮರುದಿನ ಬೆಳಿಗ್ಗೆ ಊರಿಗೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ "ಗೆದ್ಬುಟ್ಟೆ ಕಣೆ!" ಎಂದು ಕೂಗಿದೆ. ಒಳಗೆ ಹೋದೆ. ಪಕ್ಕದ ಬೀದಿಯ ಸೂಲಗಿತ್ತಿ ಗೋಡೆಗೊರಗಿ ಕೂತಿದ್ದಳು. ಅವಳ ತೊಡೆಯ ಮೇಲೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದ ಮಗುವಿತ್ತು.

"ನಿಮ್ಮೋರು ಕೂಸಿನ ತಲೆಗೆ ನೀರು ಉಯ್ತಾರಂತಲ್ಲ, ನಾನೇ ಉಯ್ಲಾ ಅಂದೆ ಕಣಪ್ಪ" ಎಂದಳು ಆ ಮುದುಕಿ. "ಬ್ಯಾಡ, ಅವ್ರು ಬರ್ಲಿ ಅಂದ್ಳು ನಿನ್ನೆಂಡ್ತಿ. ಬೆಳಗಾಗೋಗಂಟ ಬಾಗ್ಲು ನೋಡ್ದೊ."

ಜ್ಞಾನಸ್ನಾನವಾಗದ ಕೂಸನ್ನು ಸ್ಮಶಾನದ ಬೇಲಿಯೊಳಗೆ ಹೂಳುವಂತಿರಲಿಲ್ಲ. ಗುರುಗಳು ಊರಲ್ಲಿರಲಿಲ್ಲ, ನನ್ನನ್ನು ಕೇಳುವವರಾರೂ ಇರಲಿಲ್ಲ. ಬೇಲಿಯಾಚೆ ಕಳ್ಳಿಯ ಪಕ್ಕದಲ್ಲಿ ನಾನೇ ಗುಂಡಿ ತೋಡಿದೆ. ನಿಯಮ ನನಗೆ ಬಾಯಿಪಾಠವಾಗಿತ್ತಲ್ಲ!

ಭಾನುವಾರ ಗುರುಗಳು ಮನೆಗೆ ಬಂದು ಅವಳನ್ನು ಸಮಾಧಾನಪಡಿಸಿದರು. ಆಮೇಲೆ, ಕೆಟ್ಟ ಮನಸ್ಸಿನಿಂದಲ್ಲ, ಕೇಳಿದರು: "ಪ್ರಾಣಾಪಾಯದಲ್ಲಿ ಯಾರು ಬೇಕಾದರೂ ನೀರು ಹೊಯ್ದು ಜ್ಞಾನಸ್ನಾನದ ಆ ನಾಲ್ಕು ಮಾತು ಹೇಳಬಹುದಮ್ಮ. ಆ ಸೂಲಗಿತ್ತಿ ಕೂಡ. ಇವರು ನಿನಗೆ ಹೇಳಿಕೊಟ್ಟಿರಲಿಲ್ಲವೇ?"

ಅವಳು ನನ್ನ ಕಡೆ ನೋಡಿದಳು. ನಾನು ಹೇಳಿಕೊಟ್ಟಿರಲಿಲ್ಲ. ಅವಳಿಗಿರಲಿ, ಆ ಚರ್ಚಿನ ಒಬ್ಬ ಹೆಂಗಸಿಗೂ ಹೇಳಿರಲಿಲ್ಲ. ತೀರ ಸುಲಭದ ಪಾಠ, ಅದರಲ್ಲಿ ವಾದಿಸಲು ಏನೂ ಇರಲಿಲ್ಲ. ಆದಿಕಾರಣದ ಬಗ್ಗೆ ಮೂರು ವಾರ ಕೊರೆದಿದ್ದೆ.

ತಿಂಗಳ ಮೇಲೆ ಒಂದು ಮಧ್ಯಾಹ್ನ ಅವಳು ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ತಲೆಯೆತ್ತದೆ ಕೇಳಿದಳು.

"ಮಗ ಈಗ ಎಲ್ಲದೆ?"

ಧರ್ಮದ ವಿಷಯ ಅವಳಾಗಿ ಕೇಳಿದ್ದು ಅದೇ ಮೊದಲು. ನಾನು ಪಾಪಿ, ಹುರುಪುಗೊಂಡೆ. ಅಂಥ ಕೂಸುಗಳಿಗೆ ಸ್ವರ್ಗವೂ ಅಲ್ಲದ, ನರಕವೂ ಅಲ್ಲದ ಒಂದು ಎಡೆಯಿದೆ ಎಂದು ಪಂಡಿತರು ಹೇಳುವುದನ್ನು ತಿಳಿಸಿದೆ.

"ಅಲ್ಲಿ ನೋವಿಲ್ವಾ?"

"ಇಲ್ಲ."

"ದೇವ್ರು ಕಾಣ್ತಾನಾ?"

"ಕಾಣಲ್ಲ. ಆದ್ರೆ ಕಾಣಲಿಲ್ಲ ಅನ್ನೋ ದುಃಖಾನೂ ಇರಲ್ಲ."

ಅವಳು ಸ್ವಲ್ಪ ಹೊತ್ತು ಕಾಳು ಬಿಡಿಸಿದಳು. ಆಮೇಲೆ, ಒಂದು ತಿಂಗಳಲ್ಲಿ ಮೊದಲ ಸಲ, ಅವಳ ಮುಖ ತುಸು ತಿಳಿಯಾಯಿತು.

"ಅಂಗಾದ್ರೆ ಎತ್ಕಳೋರು ಯಾರೂ ಇಲ್ಲ ಅಲ್ಲಿ. ಸತ್ಮೇಲೆ ನಾನೂ ಅಲ್ಗೇ ಓಯ್ತೀನಿ ಬುಡಿ."

ಆಗಲಿ ಎನ್ನಬಹುದಿತ್ತು. ಸುಮ್ಮನಾದರೂ ಇರಬಹುದಿತ್ತು.

"ಅದಾಗಲ್ಲ ಕಣೆ" ಎಂದೆ. "ನಿಂಗೆ ಜ್ಞಾನಸ್ನಾನ ಆಗದೆ. ಕೊನೇಗೆ ನಿಂಗೆ ಸ್ವರ್ಗ, ಇಲ್ಲಾಂದ್ರೆ ನರಕ. ಆ ಜಾಗ ನಿಂಗಿಲ್ಲ." ಅಷ್ಟಕ್ಕೇ ಬಿಡದೆ, ಯಾಕಿಲ್ಲ ಎಂಬುದನ್ನು ಒಂದೊಂದೇ ಮೆಟ್ಟಿಲು ಹತ್ತಿಸಿದಂತೆ ಬಿಡಿಸಿ ಹೇಳಿದೆ.

ಅವಳ ಕೈ ನಿಂತಿತು. ಆಮೇಲೆ ಮೂವತ್ತು ವರ್ಷ ನನ್ನೊಡನೆ ಬಾಳಿದಳು. ಉಪ್ಪು, ಸೌದೆ, ಮಳೆ, ಬಿಸಿಲು ಎಲ್ಲದರ ಮಾತೂ ಆಡಿದಳು, ದೇವರ ಮಾತೊಂದನ್ನು ಬಿಟ್ಟು. ಅವಳು ಹೋದ ಮೇಲೆ ಆ ಮಧ್ಯಾಹ್ನ ನಾನು ಕೊಟ್ಟ ಉತ್ತರವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ, ಎಲ್ಲಾದರೂ ಒಂದು ತಪ್ಪಿರಲಿ ಎಂದು. ಇನ್ನೂ ಸಿಕ್ಕಿಲ್ಲ.