ತೂಕದ ಹೆಗಡೆಯವರ ಸಬ್‌ವೂಫರ್

ನನ್ನ ಗಂಡ ಕಮಲಾಕರ ಹೆಗಡೆಯವರು ಯಾವ ವಸ್ತು ಕಂಡರೂ ಮೊದಲು ಎತ್ತಿ ನೋಡುತ್ತಾರೆ. ತೆಂಗಿನಕಾಯಿ, ಸೋಪು, ಮದುವೆಮನೆಯವರು ಕೊಟ್ಟ ಸಿಹಿಯ ಡಬ್ಬಿ, ಯಾವುದೂ ಅವರ ಕೈಯಿಂದ ತಪ್ಪಿಸಿಕೊಂಡದ್ದಿಲ್ಲ. ಇಪ್ಪತ್ತೆಂಟು ವರ್ಷ ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ಭಟ್ಕಳ, ಹೊನ್ನಾವರ, ಕುಮಟೆಯ ಅಂಗಡಿಗಳ ತಕ್ಕಡಿ ಪರೀಕ್ಷಿಸಿದವರು. ಭಟ್ಕಳದಲ್ಲಿ ಮಲ್ಲಿಗೆ ಕೊಳ್ಳುವಾಗ ಹೂವಿನವಳ ಮೊಳ ನಂಬದೆ ತಮ್ಮ ಕೈಯನ್ನೇ ಚಾಚುತ್ತಿದ್ದರು. ನನಗೆ ಹೂವು ಮುಡಿಯುವ ಆಸೆಯೇ ಹೋಗಿಬಿಟ್ಟಿತ್ತು. ನಮ್ಮೂರು ಹೊಳನಗದ್ದೆಯಲ್ಲಿ ಅವರಿಗೆ 'ತೂಕದ ಹೆಗಡೇರು' ಎಂದೇ ಹೆಸರು. ಇಲಾಖೆಯಿಂದ ನಿವೃತ್ತರಾಗಿ ಎರಡು ವರ್ಷವಾಯಿತು, ಸಂಶಯದಿಂದ ಇನ್ನೂ ಆಗಿಲ್ಲ.

ಮನೆಯ ಹಬ್ಬಕ್ಕೂ ಅವರದೇ ಪದ್ಧತಿ. ಗದ್ದೆಯ ಹೊಸ ಕದಿರು ತಂದು ಪೂಜೆ ಮಾಡಿ, ಮಾವಿನ ಎಲೆಯಲ್ಲಿ ಸುತ್ತಿ ಬಾಗಿಲಿಗೆ, ತುಳಸಿಕಟ್ಟೆಗೆ, ಭತ್ತದ ಕೋಣೆಯ ತೊಲೆಗೆ ಕಟ್ಟುತ್ತೇವಲ್ಲ, ಊರವರೆಲ್ಲ ಅದಕ್ಕೆ ಬಾಳೆನಾರು ಬಳಸಿದರೆ ಇವರು ತಕ್ಕಡಿಗೆ ಮುದ್ರೆ ಹಾಕುವ ತಂತಿ ಬಳಸುತ್ತಾರೆ. ತುದಿಗೆ ಸೀಸದ ಗುಂಡು ಸಿಕ್ಕಿಸಿ ಇಕ್ಕಳದಿಂದ ಅದುಮುತ್ತಾರೆ. ನಾರು ಹರಿಯುತ್ತದೆ, ತಂತಿ ಹರಿಯುವುದಿಲ್ಲ ಎನ್ನುವುದು ಅವರ ವಾದ. ಲಕ್ಷ್ಮಿಗೂ ಸೀಲು ಹಾಕುವ ಮನುಷ್ಯ ಎಂದು ನಾನು ನಕ್ಕಿದ್ದುಂಟು.

ಇಂಥವರಿಗೆ ಹೋಮ್ ಥಿಯೇಟರಿನ ಹುಚ್ಚು ಹಿಡಿಯಿತು. ಯಕ್ಷಗಾನದ ಚಂಡೆ ಮದ್ದಳೆಯನ್ನು ಎದುರಿಗೆ ಕೂತು ಕೇಳಿದ ಹಾಗೆ ಎದೆಗೆ ತಾಗುವಂತೆ ಕೇಳಬೇಕಂತೆ. ಭತ್ತದ ಕೋಣೆ ಏಳು ವರ್ಷದಿಂದ ಖಾಲಿ, ಗೋಡೆ ದಪ್ಪ, ನೆರೆಯವರಿಗೆ ತೊಂದರೆಯಿಲ್ಲ. ಹೊನ್ನಾವರದಲ್ಲಿ ಸೌಂಡ್ ಅಂಗಡಿ ಇಟ್ಟಿರುವ ಮಾವಳ್ಳಿಯ ತಿಮ್ಮ ತಗ್ಗಿನ ಸ್ವರಕ್ಕೆಂದೇ ಇರುವ ಐನೂರು ವ್ಯಾಟಿನ ಸಬ್‌ವೂಫರ್ ಪೆಟ್ಟಿಗೆಯನ್ನೂ ಅದಕ್ಕೆ ತಕ್ಕ ಆಂಪ್ಲಿಫೈಯರನ್ನೂ ತಂದಿಳಿಸಿದ. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಭಟ್ಕಳದ ದೊಡ್ಡ ದೊಡ್ಡ ಮನೆಗಳಿಗೆಲ್ಲ ಅವನೇ ಕೂರಿಸಿದ್ದಂತೆ.

ಇವರು ಪೆಟ್ಟಿಗೆಯನ್ನು ಒಳಗೆ ಬಿಡಲಿಲ್ಲ. ಜಗಲಿಯಲ್ಲೇ ತಕ್ಕಡಿಗೇರಿಸಿದರು. ರಟ್ಟಿನ ಮೇಲೆ ಬರೆದದ್ದಕ್ಕಿಂತ ನಾನೂರು ಗ್ರಾಂ ಕಮ್ಮಿ! ಒಳಗಿನ ಅಯಸ್ಕಾಂತ ಬದಲಾಗಿದೆ ಎಂದು ಆಗಲೇ ತೀರ್ಮಾನವಾಯಿತು. ತಿಮ್ಮ ಸಿಟ್ಟಾಗಲಿಲ್ಲ. ವಯರು ಮತ್ತು ರಬ್ಬರ್ ಕಾಲುಗಳು ಅಂಗಡಿಯಿಂದಲೇ ಬೇರೆ ಚೀಲದಲ್ಲಿ ಬಂದಿವೆ ಎಂದು ಹೇಳಿ ಆ ಚೀಲವನ್ನೂ ತಕ್ಕಡಿಯ ಮೇಲಿಟ್ಟ. ತೂಕ ಸರಿಹೋಯಿತು. ಇವರ ಮುಖ ಸರಿಹೋಗಲಿಲ್ಲ.

ಇದೇ ಮುಖವನ್ನು ನಾನು ಹನ್ನೊಂದು ವರ್ಷದ ಹಿಂದೆ ಕಂಡಿದ್ದೆ.

ಆ ವರ್ಷ ಕದಿರು ತರುವ ದಿನ, ಗದ್ದೆ ಕೆಲಸದ ಸೋಮಿ ಕದಿರಿನ ಹೊರೆಯನ್ನು ಹಾಡು ಹೇಳುತ್ತ ತಂದು ಬಾಳೆಲೆಯ ಮೇಲೆ ಇಳಿಸಿದ್ದಳು. ಪೂಜೆಗೆ ಮನೆಯ ಹಿರಿಯಳ ಒಂದು ಒಡವೆ ಕದಿರಿನ ಮೇಲಿಡುವುದು ನಮ್ಮಲ್ಲಿಯ ರೂಢಿ. ಅತ್ತೆ ತಮ್ಮ ಒಂದು ಕಿವಿಯ ಬೆಂಡೋಲೆ ತೆಗೆದಿಟ್ಟರು. ಪೂಜೆ ಮುಗಿದು, ಕದಿರು ಕಟ್ಟಿ, ಊಟಕ್ಕೆ ಕೂರುವ ಹೊತ್ತಿಗೆ ಬೆಂಡೋಲೆ ಇಲ್ಲ. ಅಂಗಳ ಗುಡಿಸಿದೆವು, ಬಾಳೆಲೆ ಕೊಡವಿದೆವು. ಕಟ್ಟಿದ ಕದಿರನ್ನು ಬಿಚ್ಚುವಂತಿಲ್ಲ, ಅದು ಯಾರಿಗೂ ಹೊಳೆಯಲೂ ಇಲ್ಲ. ಹೊರಗಿನವಳೆಂದು ಇದ್ದದ್ದು ಸೋಮಿ ಒಬ್ಬಳೇ. ಎಲ್ಲರೆದುರು ಸೆರಗು ಕೊಡವಿ ತೋರಿಸು ಎಂದು ಇವರು ಹೇಳಿದರು. ಅವಳು ಕೊಡವಿದಳು. ಏನೂ ಬೀಳಲಿಲ್ಲ. ಆಗಲೇ ಎಲ್ಲೋ ದಾಟಿಸಿದ್ದಾಳೆ ಎಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ಒಂದು ಮಾತೂ ಆಡಲಿಲ್ಲ. ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಸೋಮಿ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಕೇರಿಯವರೂ ಅವಳನ್ನು ಒಳಗೆ ಕರೆಯುವುದು ಬಿಟ್ಟರು. ಈಗ ಮನೆಮನೆಗೆ ತರಕಾರಿ ಮಾರುತ್ತಾಳೆ. ಯಾರ ಜಗಲಿಯಿಂದ ಎದ್ದರೂ, ಯಾರೂ ಕೇಳದಿದ್ದರೂ, ಮೆಟ್ಟಿಲ ಬಳಿ ನಿಂತು ಒಮ್ಮೆ ಸೆರಗು ಕೊಡವಿ ಹೋಗುತ್ತಾಳೆ.

ತಿಮ್ಮನಿಗೂ ಅದೇ ಗತಿಯಾದರೆ ಎಂಬುದು ನನ್ನ ಹೆದರಿಕೆ. ಅವನ ಕೆಲಸದ ರೀತಿಯೋ, ಸಂಶಯಕ್ಕೆ ಎಣ್ಣೆ ಹೊಯ್ಯುವಂಥದ್ದು. ಸಬ್‌ವೂಫರನ್ನು ನಾವು ಕೂರುವ ಕುರ್ಚಿಯ ಮೇಲೆ ಇಟ್ಟು, ಗುಂ ಎನ್ನುವ ಒಂದೇ ಸ್ವರ ಹಚ್ಚಿ, ತಾನು ಗೋಡೆಯುದ್ದಕ್ಕೂ ಅಂಬೆಗಾಲಿಕ್ಕಿದ. ಅಲ್ಲಲ್ಲಿ ತಲೆ ತಗ್ಗಿಸಿ ಕಿವಿಗೊಟ್ಟ. ಸದ್ದು ಎಲ್ಲಿ ತುಂಬಿ ಕೇಳುತ್ತದೋ ಅಲ್ಲಿ ಪೆಟ್ಟಿಗೆ ಇಡುವುದಂತೆ. ನಡುವೆ ಗೋಡೆಯನ್ನು ಗೆಣ್ಣಿನಿಂದ ಬಡಿದು, ಇದರಾಚೆ ಎಂತ ಇದೆ ಎಂದು ಕೇಳಿದ. ಆಚೆ ಇರುವುದು ದೇವರ ಕೋಣೆ, ಬೆಳ್ಳಿಯ ಸಾಮಾನೆಲ್ಲ ಅಲ್ಲೇ.

ಇವರು ನನ್ನನ್ನು ಪಡಸಾಲೆಗೆ ಎಳೆದುಕೊಂಡು ಬಂದರು. "ಅಂವ ಗೋಡೆ ಎಂತಕ್ಕೆ ಬಡಿತಾ ಇದ್ದ? ನಂಗೆ ಸಮ ಕಾಣ್ತಾ ಇಲ್ಲೆ. ನೀ ಅಲ್ಲೇ ಕೂತ್ಗ" ಎಂದರು. ನಾನು ಅಲಸಂದೆಕೋಡಿನ ಬುಟ್ಟಿ ಹಿಡಿದು ಕಾವಲಿಗೆ ಕೂತೆ. ಇವರು ದೇವರ ಕೋಣೆಗೆ ಹೋಗಿ ಬೆಳ್ಳಿಯ ತಟ್ಟೆ ಲೋಟ ಎಣಿಸಿ ಬಂದರು. ಸದ್ದು ಕೇಳಿ ತಿಮ್ಮ ಒಮ್ಮೆ ನನ್ನತ್ತ ನೋಡಿದ. ಅವನಿಗೆ ಎಲ್ಲ ಅರ್ಥವಾಗಿತ್ತು. ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಪೆಟ್ಟಿಗೆ ಮೂಲೆಯಲ್ಲಿ ಕೂತಿತು, ಆಂಪ್ಲಿಫೈಯರಿಗೆ ವಯರು ಸೇರಿತು. ಮದ್ದಳೆಯ ಧ್ವನಿಮುದ್ರಣ ಹಚ್ಚಿದ ಕೂಡಲೇ ಎಲ್ಲಿಂದಲೋ ಕಿರಿಕಿರಿ ಎಂದು ಲೋಹ ಅಲುಗುವ ಸದ್ದು ಬಂತು. ಇವರು ಇದಕ್ಕೇ ಕಾಯುತ್ತಿದ್ದವರ ಹಾಗೆ ಎದ್ದರು. ಹಳೆಯ ಪೆಟ್ಟಿಗೆಗೆ ಹೊಸ ರಟ್ಟು ಹಾಕಿ ತಂದಿದ್ದೀಯ, ಇಂಥ ಕೆಲಸ ನಾನು ಬೇಕಷ್ಟು ಕಂಡಿದ್ದೇನೆ, ಕುಮಟೆಯಲ್ಲಿ ನಿನಗೆ ಇನ್ನೊಂದು ಮನೆ ಸಿಗದ ಹಾಗೆ ಮಾಡುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದರು.

ತಿಮ್ಮ ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದ. ಆಮೇಲೆ, "ಇದು ಪೆಟ್ಟಿಗೆ ಸದ್ದಲ್ಲ ಸಾಹೇಬ್ರೆ, ನಿಮ್ಮ ಮನೆ ಸದ್ದು" ಎಂದ.

ಬಿದಿರಿನ ಕೋಲೊಂದನ್ನು ಕೇಳಿ ಪಡೆದ. ಸ್ವರ ಹಚ್ಚಿಟ್ಟು ಕೋಲಿನ ತುದಿಯಿಂದ ಕಿಟಕಿಯನ್ನು ಒತ್ತಿದ, ಬಾಗಿಲನ್ನು ಒತ್ತಿದ, ಸದ್ದು ನಿಲ್ಲಲಿಲ್ಲ. ತೊಲೆಯ ಮೇಲಿದ್ದ ಕದಿರಿನ ಕಟ್ಟನ್ನು ಒತ್ತಿದಾಗ ನಿಂತಿತು. ಕೋಲು ತೆಗೆದಾಗ ಮತ್ತೆ ಬಂತು. ಆ ಕೋಣೆಯಲ್ಲಿ ಹಳೆಯ ಕದಿರು ತೆಗೆಯುವ ಕ್ರಮವಿಲ್ಲ, ಹೊಸದನ್ನು ಅದರ ಪಕ್ಕಕ್ಕೇ ಕಟ್ಟುತ್ತ ಬಂದು ದೊಡ್ಡ ಗೊಂಚಲಾಗಿತ್ತು. ಬೆಳಿಗ್ಗೆ ತಿಮ್ಮ ಅದನ್ನು ತೆಗೆದರೆ ಒಳ್ಳೆಯದು ಎಂದಾಗ ಮುಟ್ಟಬೇಡ ಎಂದು ಗದರಿದವರು ಇವರೇ.

ಏಣಿ ತಂದರೂ ತಿಮ್ಮ ಹತ್ತಲಿಲ್ಲ. "ನೀವೇ ಬಿಚ್ಚಿ. ನಾ ಮುಟ್ಟೂದಿಲ್ಲ. ನಾಳೆ ನಂಗೆ ಮಾತು ಬರೂದು ಬ್ಯಾಡ" ಎಂದ.

ಇವರು ಹತ್ತಿ ಕಟ್ಟುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದರು. ಐದನೆಯದು ಕಿಣಿಕ್ಕೆಂದಿತು. ತಂತಿ ಕತ್ತರಿಸಿ ಕೆಳಗೆ ತಂದು ಪೇಪರಿನ ಮೇಲೆ ಬಿಡಿಸಿದರು. ಒಣಗಿದ ಮಾವಿನೆಲೆ ಪುಡಿಯಾಯಿತು, ಜೊಳ್ಳು ಉದುರಿತು. ಜೊಳ್ಳಿನ ಜೊತೆ ಅತ್ತೆಯ ಬೆಂಡೋಲೆ ಬಿತ್ತು.

ಇವರು ತಟ್ಟನೆ ತಲೆಯೆತ್ತಿ ತಿಮ್ಮನನ್ನು ನೋಡಿದರು. ಆ ಗಳಿಗೆಯಲ್ಲೂ! ಕಾಲ ಮೀರಿ ಬಂದ ನನ್ನ ಸಿಟ್ಟೆಲ್ಲ ಬಾಯಿಗೆ ಬಂತು. ಆದರೆ ನಾನು ಹೇಳುವ ಮೊದಲೇ ಅವರ ಕೈ ತಂತಿಯ ತುದಿಯನ್ನು ಹಿಡಿದಿತ್ತು. ಸೀಸದ ಗುಂಡು ಗಟ್ಟಿಯಾಗಿತ್ತು, ಮೇಲೆ ಅವರದೇ ಇಕ್ಕಳದ ಎರಡು ಹಲ್ಲಿನ ಗುರುತು. ಒಡೆಯದ ಮುದ್ರೆಗಿಂತ ದೊಡ್ಡ ಸಾಕ್ಷಿ ಇಲ್ಲ ಎಂದು ಕೋರ್ಟಿನಲ್ಲಿ ಎಷ್ಟೋ ಸಲ ಹೇಳಿದ ಮನುಷ್ಯ ಅವರು.

ಎದ್ದು ಹೋಗಿ ಚಿನ್ನ ತೂಗುವ ಪುಟ್ಟ ತಕ್ಕಡಿ ತಂದರು. ನಾಲ್ಕು ಗ್ರಾಂ ಇನ್ನೂರ ಹತ್ತು ಮಿಲಿಗ್ರಾಂ. ಹನ್ನೊಂದು ವರ್ಷದ ಹಿಂದೆ ಪೂಜೆಗಿಡುವ ಮೊದಲು ತೂಗಿ ಬರೆದಿಟ್ಟುಕೊಂಡದ್ದೂ ಅಷ್ಟೇ. ಮತ್ತೊಮ್ಮೆ ತೂಗಿದರು. ಆಮೇಲೆ ನೆಲದ ಮೇಲೆ ಕೂತು, "ಕಟ್ಟಿದವ ಆನೇಯ" ಎಂದು ತಮ್ಮ ಎದೆ ಮುಟ್ಟಿಕೊಂಡರು.

ತಿಮ್ಮನ ಕೈ ಹಿಡಿದು ತಪ್ಪಾಯಿತು ಎಂದರು. ತಿಮ್ಮ ಕೈ ಬಿಡಿಸಿಕೊಂಡು, ಸದ್ದು ಈಗ ಸರಿ ಇದೆ, ಕೇಳಿ ಎಂದಷ್ಟೇ ಹೇಳಿದ.

ಅದೇ ಸಂಜೆ ಸೋಮಿಯ ಮನೆಗೆ ಹೋದೆವು. ಅವಳು ಹರಿವೆಸೊಪ್ಪು ಕಟ್ಟುತ್ತಿದ್ದಳು. ಇವರು ನಿಂತೇ ಎಲ್ಲ ಹೇಳಿ ಬೆಂಡೋಲೆ ತೋರಿಸಿದರು. ಅವಳು ಅದರ ಕಡೆ ನೋಡಲಿಲ್ಲ.

"ನಾ ಕದ್ದದ್ದಲ್ಲ ಅಂತ ನಂಗೆ ಆಗ್ಲೇ ಗೊತ್ತಿತ್ತು ಒಡೆಯಾ" ಎಂದಳು. "ನಂಗೆ ಹೇಳಿ ಎಂತ ಆತು? ಹೇಳೂದಾದ್ರೆ ಕೇರಿಗೆ ಹೇಳಿ."

ಭಾನುವಾರ ಹೋಮ್ ಥಿಯೇಟರ್ ನೋಡಲು ಕೇರಿಯವರನ್ನೆಲ್ಲ ಕರೆದೆವು. ಸೋಮಿ ಬರುವಳೆಂದು ನನಗೆ ನಂಬಿಕೆಯಿರಲಿಲ್ಲ, ಆದರೆ ಬಂದಳು. ಬಾಗಿಲ ಬಳಿ ಕೂರಹೋದವಳನ್ನು ನಾನು ಕೈಹಿಡಿದು ಮುಂದಿನ ಕುರ್ಚಿಯಲ್ಲಿ ಕೂರಿಸಿದೆ. ಇವರು ಮದ್ದಳೆ ಹಚ್ಚುವ ಮೊದಲು ಎದ್ದು ನಿಂತು, ಬೆಂಡೋಲೆ, ತಂತಿ, ಮುದ್ರೆ ಮೂರನ್ನೂ ಎತ್ತಿ ಹಿಡಿದು ನಡೆದದ್ದನ್ನೆಲ್ಲ ಹೇಳಿದರು. ಸೋಮಿ ಕಳ್ಳಿಯಲ್ಲ, ಅವಳ ಹೆಸರು ಕೆಡಿಸಿದವನು ನಾನು ಎಂದರು. ಇವರ ಬಗ್ಗೆ ನನಗೆ ಹೆಮ್ಮೆಯೆನಿಸಿದ್ದು ಬಹಳ ವರ್ಷಗಳ ಮೇಲೆ.

ಮದ್ದಳೆ ಎದೆಗೆ ತಾಗುವ ಹಾಗೆ ಕೇಳಿತು. ಎಲ್ಲರಿಗೂ ಅವಲಕ್ಕಿ, ಚಾ ಆಯಿತು. ಹೊರಡುವಾಗ ಸೋಮಿಗೆ ಹೆಂಗಸರೆಲ್ಲ ದಾರಿ ಬಿಟ್ಟರು, ಬಾಯಿ ತುಂಬಾ ಮಾತಾಡಿಸಿದರು. ಅವಳು ನಗುತ್ತಲೇ ಮೆಟ್ಟಿಲ ತನಕ ಹೋದಳು. ಅಲ್ಲಿ ನಿಂತು ಸೆರಗಿನ ತುದಿ ಹಿಡಿದು ಕೊಡವಿದಳು. ಕೈಗೆ ರೂಢಿಯಾಗಿತ್ತು, ಕೊಡವಿದ್ದು ಅವಳಿಗೆ ಗೊತ್ತೂ ಆಗಲಿಲ್ಲ.

ಇವರು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಮೆಟ್ಟಿಲ ಮೇಲೆ ಬಿದ್ದದ್ದು ನಾಲ್ಕು ಕಾಳು ಅವಲಕ್ಕಿ.